ಸಾಕು ಹಾವಿಗೆ ಹಾಸು ಆರಿಸುವುದು ಹೇಗೆ: ಕೊನೆಗೆ ಕೊಳ್ಳಬೇಕಾದ್ದನ್ನು ಮೊದಲೇ ಕೊಳ್ಳಬೇಡಿ

ಹಾಸು ಎಂದರೆ ಹಾವಿನ ಗೂಡಿನ ನೆಲಕ್ಕೆ ಹರಡುವ ಕಾಗದ, ಮರದ ಚೂರು, ಮಣ್ಣಿನಂಥದ್ದು. ಹಾವು ಸಾಕುವವರಿಂದ ಮೂರು ಪ್ರಶ್ನೆ ಪದೇ ಪದೇ ಬರುತ್ತವೆ. ಹಾಸಿನಲ್ಲಿ ಬೂಷ್ಟು ಹಿಡಿದಿದೆ, ಏನು ಮಾಡಲಿ? ಪೊರೆ ಚೂರುಚೂರಾಗಿ ಬಿಡುತ್ತಿದೆ, ಯಾಕೆ? ಹೊಟ್ಟೆಯ ಕೆಳಗೆ ಕೆಂಪು ಕಲೆ ಎದ್ದಿದೆ, ಇದು ಸುಟ್ಟಿದ್ದೋ ಕೊಳೆತದ್ದೋ? ಕೇಳುವ ಹೊತ್ತಿಗೆ ಇವರೆಲ್ಲ ಹಾಸಿನ ಚೀಲವನ್ನು ಒಂದೆರಡು ಸಲ ಬದಲಿಸಿ ನೋಡಿರುತ್ತಾರೆ. ಎರಡು ವಾರ ಸರಿಹೋದಂತೆ ಕಂಡು ಮತ್ತೆ ಅದೇ ಕಥೆ.

ಎಡವುತ್ತಿರುವುದು ಅನುಕ್ರಮದಲ್ಲಿ. ಹಾವಿನ ಜೊತೆಗೇ ಹಾಸನ್ನೂ ತಂದುಬಿಡುತ್ತಾರೆ. ಆಮೇಲೆ ಗೂಡಿನ ಬಿಸಿ, ಗಾಳಿ, ತೇವ ಎಲ್ಲವನ್ನೂ ಆ ಒಂದು ಚೀಲಕ್ಕೆ ಹೊಂದಿಸಲು ಹೆಣಗುತ್ತಾರೆ. ನನ್ನ ಪ್ರಕಾರ ಹಾಸು ಕೊಳ್ಳುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮೊದಲು ಅಳೆಯಬೇಕಾದ್ದು ಸಾಕಷ್ಟಿದೆ.

ಬೇಕಾಗುವ ಸಾಮಾನು

ಪ್ರೋಬ್ (ತಂತಿಯ ತುದಿಯಲ್ಲಿರುವ, ಬೇಕಾದಲ್ಲಿಗೆ ಒಯ್ದು ಇಡಬಹುದಾದ ಅಳೆಯುವ ಭಾಗ) ಇರುವ ಡಿಜಿಟಲ್ ತೇವಾಂಶ ಮಾಪಕ ಎರಡು ಬೇಕು. ಗಡಿಯಾರದಂತೆ ಮುಳ್ಳಿರುವ, ಗಾಜಿಗೆ ಅಂಟಿಸುವ ಮಾಪಕ ಬೇಡ. ಅದು ಅಳೆಯುವುದು ಗೂಡಿನ ಮೇಲ್ಭಾಗದ ಗಾಳಿಯನ್ನು. ಹಾವು ಮಲಗುವುದು ನೆಲದಲ್ಲಿ. ಅಂಥದ್ದೊಂದರ ಮುಳ್ಳು ಸಿಕ್ಕಿಕೊಂಡು ತಿಂಗಳುಗಟ್ಟಲೆ ಶೇ 60 ತೋರಿಸುತ್ತಲೇ ಇದ್ದದ್ದನ್ನು ನೋಡಿದ್ದೇನೆ. ಸಾಕಿದವರು ನೆಮ್ಮದಿಯಾಗಿದ್ದರು, ಹಾವು ಮಾತ್ರ ನೆಮ್ಮದಿಯಾಗಿರಲಿಲ್ಲ.

ಬಿಸಿ ಕೊಡುವ ಪ್ರತಿ ಸಾಧನಕ್ಕೂ ಥರ್ಮೋಸ್ಟಾಟ್ (ಬಿಸಿಯನ್ನು ನಾವು ಗೊತ್ತುಮಾಡಿದ ಮಟ್ಟದಲ್ಲಿ ಹಿಡಿದಿಡುವ ಸಾಧನ), ಮೇಲ್ಮೈಯ ಶಾಖ ನೋಡಲು ಇನ್‌ಫ್ರಾರೆಡ್ ಗನ್, ಅಳತೆ ಪಟ್ಟಿ, ಬಣ್ಣವೂ ಸುವಾಸನೆಯೂ ಇಲ್ಲದ ಟಿಶ್ಯೂ ಸುರುಳಿ, ಉದ್ದನೆಯ ಇಕ್ಕಳ, ಮೂತಿಯಿರುವ ಜಗ್, ಒಂದು ದೊಡ್ಡ ಬಕೆಟ್. ಜೊತೆಗೆ ಗಾಳಿತೂತಿರುವ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯೊಂದು, ಗೂಡು ಸ್ವಚ್ಛ ಮಾಡುವಾಗ ಹಾವನ್ನು ಇಡುವುದಕ್ಕೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಹಾವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಹಾಸು ಬಗೆಯಲು ಹೋದರೆ ಎರಡು ಕೆಲಸವೂ ಕೆಡುತ್ತದೆ.

ಹಂತ 1: ನಿಮ್ಮ ಹಾವು ಯಾವ ತೇವದ್ದು ಎಂದು ಗೊತ್ತುಮಾಡಿಕೊಳ್ಳಿ

‘ಹಾವಿಗೆ ಯಾವ ಹಾಸು ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಹಾವಿಗೆ ಎಂದು ಕೇಳಿದರೆ ಇದೆ. ಸಾಮಾನ್ಯವಾಗಿ ಸಾಕುವ ಹಾವುಗಳನ್ನು ಮೂರು ಗುಂಪು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಣ ಗುಂಪಿನಲ್ಲಿ ವೆಸ್ಟರ್ನ್ ಹಾಗ್‌ನೋಸ್, ಕೀನ್ಯಾದ ಸ್ಯಾಂಡ್ ಬೋವಾ, ರೋಸಿ ಬೋವಾ ಬರುತ್ತವೆ. ಇವಕ್ಕೆ ಶೇ 30ರಿಂದ 50ರ ಆಸುಪಾಸಿನ ತೇವಾಂಶ ಸಾಕು. ಮೊದಲೆರಡು ಬಿಲ ತೋಡುವ ಜಾತಿಯವು. ತೋಡಲು ಜಾಗ ಸಿಗದಿದ್ದರೆ ಗಾಜಿನ ಮೂಲೆಗೆ ಮೂತಿ ಉಜ್ಜುತ್ತಲೇ ಇರುತ್ತವೆ.

ನಡುವಿನ ಗುಂಪು ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಮಿಲ್ಕ್ ಸ್ನೇಕ್‌ಗಳದು. ಶೇ 40ರಿಂದ 60. ಹಾಸಿನ ವಿಷಯದಲ್ಲಿ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುವ ಹಾವುಗಳಿವು. ಕಾರ್ನ್ ಸ್ನೇಕ್ ಸಾಕಿದವರು ಕೊಡುವ ಸಲಹೆಯನ್ನು ಬೇರೆ ಹಾವಿಗೆ ಅನ್ವಯಿಸುವಾಗ ಎಚ್ಚರವಿರಬೇಕಾದ್ದು ಇದೇ ಕಾರಣಕ್ಕೆ.

ತೇವದ ಗುಂಪಿಗೆ ಬಾಲ್ ಪೈಥಾನ್ (ಶೇ 55ರಿಂದ 70), ಬೋವಾ ಕನ್‌ಸ್ಟ್ರಿಕ್ಟರ್ (ಹೆಚ್ಚುಕಡಿಮೆ ಅಷ್ಟೇ), ಇನ್ನೂ ಮೇಲಕ್ಕೆ ಬ್ರೆಜಿಲಿಯನ್ ರೇನ್‌ಬೋ ಬೋವಾ (ಶೇ 75ಕ್ಕಿಂತ ಹೆಚ್ಚು) ಸೇರುತ್ತವೆ. ತೊಂದರೆಯಾಗುವುದು ಹೆಚ್ಚಾಗಿ ಇಲ್ಲೇ. ಬಾಲ್ ಪೈಥಾನ್ ತಂದು ಕಾರ್ನ್ ಸ್ನೇಕ್‌ನ ಹಾಸಿನಲ್ಲಿ ಇಡುತ್ತಾರೆ.

ಹಸಿರು ಮರ ಹೆಬ್ಬಾವಿನಂತೆ ಕೊಂಬೆಯ ಮೇಲೇ ಬದುಕುವ ಹಾವಾದರೆ ಹಾಸಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ನೆಲಕ್ಕೆ ಇಳಿಯುವುದೇ ಅಪರೂಪ. ಗಾಳಿಯ ತೇವ ಕಾಯುವ ಹಾಸು ಸಾಕು.

ಹಂತ 2: ಮಾಪಕವನ್ನೇ ಮೊದಲು ಪರೀಕ್ಷಿಸಿ

ಹೊಸ ಮಾಪಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಹಾಕಿ. ಉಪ್ಪು ಕರಗಿಹೋಗಬಾರದು, ನೆನೆದರೆ ಸಾಕು. ಆ ಮುಚ್ಚಳ ಮತ್ತು ಮಾಪಕ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ನೆನೆದ ಉಪ್ಪು ತನ್ನ ಸುತ್ತಲಿನ ಮುಚ್ಚಿದ ಗಾಳಿಯ ತೇವಾಂಶವನ್ನು ಶೇ 75ರಲ್ಲಿ ನಿಲ್ಲಿಸುತ್ತದೆ. ಬೆಳಿಗ್ಗೆ ಮಾಪಕ 70 ತೋರಿಸಿದರೆ, ಅದು 5 ಕಡಿಮೆ ಹೇಳುವ ಮಾಪಕ ಎಂದರ್ಥ. ಅದರ ಬೆನ್ನಿಗೆ ‘+5’ ಎಂದು ಬರೆದು ಅಂಟಿಸಿಬಿಡಿ.

ಹಂತ 3: ಬರೀ ಕಾಗದ ಹಾಸಿ ಗೂಡನ್ನು ಅಳೆಯಿರಿ

ಹೊಸ ಹಾವು ಮೊದಲ ಒಂದರಿಂದ ಮೂರು ತಿಂಗಳು ಟಿಶ್ಯೂ ಕಾಗದದ ಮೇಲೇ ಇರಲಿ. ಕಾರಣ ಅಂದಚೆಂದದ್ದಲ್ಲ. ಹಾವಿನ ನುಸಿ ಗಸಗಸೆ ಕಾಳಿಗಿಂತಲೂ ಚಿಕ್ಕದು, ಕಪ್ಪಗಿರುತ್ತದೆ. ಮರದ ಚೂರಿನಲ್ಲಿ ಅದು ಕಾಣುವುದೇ ಇಲ್ಲ, ಬಿಳಿ ಕಾಗದದ ಮೇಲೆ ಓಡಾಡುವ ಚುಕ್ಕೆಯಾಗಿ ಕಾಣುತ್ತದೆ. ಕುಡಿಯುವ ನೀರಿನ ಬಟ್ಟಲಿನ ತಳದಲ್ಲಿ ಕರಿಮೆಣಸಿನ ಪುಡಿ ಉದುರಿದಂತೆ ಕಂಡರೂ ಅದೇ, ಮುಳುಗಿ ಸತ್ತ ನುಸಿ. ಮಲದಲ್ಲಿ ರಕ್ತ, ಹುಳ, ಲೋಳೆ ಇದ್ದರೂ ಕಾಗದ ಮುಚ್ಚಿಡುವುದಿಲ್ಲ. ನುಸಿ ಇರುವ ಹಾವನ್ನು ನೇರವಾಗಿ ದಪ್ಪ ಹಾಸಿಗೆ ಬಿಟ್ಟರೆ ಅಷ್ಟೂ ಹಾಸನ್ನು ಎಸೆಯಬೇಕಾಗುತ್ತದೆ.

ಈ ಕಾಗದದ ದಿನಗಳೇ ನಿಮ್ಮ ಅಳತೆಯ ದಿನಗಳು. ನೀರಿನ ಬಟ್ಟಲು, ಅಡಗುಗೂಡು, ಬಿಸಿ ಎಲ್ಲವೂ ಅದರ ಜಾಗದಲ್ಲಿರಲಿ. ಒಂದು ಪ್ರೋಬ್ ಬಿಸಿ ಬದಿಯಲ್ಲಿ, ಇನ್ನೊಂದು ತಂಪು ಬದಿಯಲ್ಲಿ, ಎರಡೂ ನೆಲದಿಂದ ಎರಡು ಬೆರಳು ಮೇಲೆ. ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಎರಡು ಬದಿಯ ಅಂಕಿಗಳು ಒಂದೇ ಇರುವುದಿಲ್ಲ, ಗಾಬರಿ ಬೇಡ: ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬಿಸಿಯಾದ ಕಡೆ ಸಾಪೇಕ್ಷ ತೇವಾಂಶ ಕಡಿಮೆ ತೋರುತ್ತದೆ. ತಂಪು ಬದಿಯಲ್ಲಿ 60, ಬಿಸಿ ಬದಿಯಲ್ಲಿ 42 ಬಂದರೆ ಅದು ಮಾಪಕದ ದೋಷವಲ್ಲ.

ಈಗ ನಿಮ್ಮ ಕೈಯಲ್ಲಿ ಎರಡು ಅಂಕಿಗಳಿವೆ, ಗೂಡು ತಾನಾಗಿ ಕೊಡುವ ತೇವ ಮತ್ತು ಹಾವಿಗೆ ಬೇಕಾದ ತೇವ. ಎರಡರ ನಡುವಿನ ಕಂದರವನ್ನು ತುಂಬುವುದೇ ಹಾಸಿನ ಕೆಲಸ. ಗೂಡು 55 ಕೊಡುತ್ತಿದ್ದು ಹಾವಿಗೆ 50 ಬೇಕಿದ್ದರೆ ತೇವ ಹಿಡಿಯುವ ಹಾಸು ಬೇಡವೇ ಬೇಡ. ಗೂಡು 35 ಕೊಡುತ್ತಿದ್ದು ಹಾವಿಗೆ 65 ಬೇಕಿದ್ದರೆ ಹಾಸೊಂದರಿಂದಲೇ ಆಗುವುದಿಲ್ಲ, ಮುಚ್ಚಳದತ್ತ ನೋಡಿ. ಪೂರ್ತಿ ಜಾಲರಿ ಮುಚ್ಚಳದ ಮೂಲಕ ತೇವವೆಲ್ಲ ಆವಿಯಾಗಿ ಹೋಗುತ್ತಿರುತ್ತದೆ. ಜಾಲರಿಯ ಮೂರರಲ್ಲಿ ಎರಡು ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ (ದೀಪದ ಸುತ್ತ ಬಿಟ್ಟು) ಮತ್ತೆ ಮೂರು ದಿನ ಅಳೆಯಿರಿ.

ಹಂತ 4: ಬಿಸಿ ಎಲ್ಲಿಂದ ಬರುತ್ತಿದೆ ಎಂಬುದರಿಂದ ದಪ್ಪ ತೀರ್ಮಾನಿಸಿ

ಇದನ್ನು ಬಿಟ್ಟು ಮುಂದಕ್ಕೆ ಹೋಗುವವರೇ ಹೊಟ್ಟೆ ಸುಟ್ಟ ಹಾವನ್ನು ಪಶುವೈದ್ಯರ ಬಳಿ ಒಯ್ಯುವುದು. ಗೂಡಿನ ಅಡಿಯಲ್ಲಿ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ತೆಳು ಹಾಳೆ) ಇದ್ದರೆ ಹಾಸು 2–3 ಸೆಂಟಿಮೀಟರ್ ದಾಟಬಾರದು. ದಪ್ಪ ಹಾಸು ಕಂಬಳಿ ಹೊದಿಸಿದಂತೆ ಕೆಲಸ ಮಾಡುತ್ತದೆ: ಬಿಸಿ ಮೇಲಕ್ಕೆ ಬರದೆ ಗಾಜಿನಲ್ಲೇ ಕೂಡಿಕೊಳ್ಳುತ್ತದೆ. ಮೇಲಿಟ್ಟ ಮಾಪಕ 27 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ, ನೀವು ಥರ್ಮೋಸ್ಟಾಟ್ ಏರಿಸುತ್ತೀರಿ. ಹಾವು ಬಿಸಿ ಹುಡುಕಿಕೊಂಡು ಹಾಸು ಬಗೆದು ಗಾಜಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ. ಸುಡುತ್ತಿದ್ದರೆ ತಾನೇ ಎದ್ದು ಹೋಗುತ್ತದೆಂದು ನಂಬಬೇಡಿ, ಹೋಗದೆ ಸುಟ್ಟುಕೊಂಡ ಹಾವುಗಳು ಬೇಕಾದಷ್ಟಿವೆ.

ಹಾಗಾಗಿ ಹಾವು ಮುಟ್ಟಬಹುದಾದ ಅತಿ ಬಿಸಿ ಜಾಗವನ್ನೇ ಥರ್ಮೋಸ್ಟಾಟ್ ಕಾಯಬೇಕು. ಮ್ಯಾಟ್ ಇದ್ದಲ್ಲಿ ಅದು ಹಾಸಿನ ಅಡಿಯ ನೆಲ. ಹಾಸನ್ನು ಕೈಯಿಂದ ಸರಿಸಿ ಇನ್‌ಫ್ರಾರೆಡ್ ಗನ್ ಹಿಡಿಯಿರಿ. ಬಾಲ್ ಪೈಥಾನ್‌ಗೆ ಅಲ್ಲಿ 32–33 ಡಿಗ್ರಿ ಕಂಡರೆ ಸರಿ, 38 ಕಂಡರೆ ಆ ಕ್ಷಣವೇ ಇಳಿಸಿ.

ಬಿಸಿ ಮೇಲಿನಿಂದ, ಅಂದರೆ ಪಂಜರ ಹೊದಿಸಿದ ದೀಪ ಅಥವಾ ಸೆರಾಮಿಕ್ ಹೀಟರ್‌ನಿಂದ ಬರುತ್ತಿದ್ದರೆ ದಪ್ಪಕ್ಕೆ ಈ ಕಟ್ಟುಪಾಡಿಲ್ಲ. ಬಿಲ ತೋಡುವ ಹಾವಿಗೆ ದಪ್ಪ ಹಾಸು ಬೇಕೇಬೇಕು, ಆದ್ದರಿಂದ ಹಾಗ್‌ನೋಸ್ ತರುವವರು ಮೊದಲೇ ಮೇಲಿನ ಬಿಸಿಗೆ ಬದಲಾಯಿಸಿಕೊಳ್ಳುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಕಾಲಿದ್ದವರ ಗಾದೆ. ಹಾವಿಗೆ ಮೈ ಹುದುಗುವಷ್ಟು ಹಾಸನ್ನು ನಾವೇ ಒದಗಿಸಬೇಕು.

ಹಂತ 5: ಬೇಡವಾದ್ದನ್ನು ಮೊದಲು ತಳ್ಳಿಹಾಕಿ

ದೇವದಾರು ಜಾತಿಯ ಮರ, ಅಂದರೆ ಸೀಡರ್, ಯಾವ ರೂಪದಲ್ಲೂ ಬೇಡ. ಅದರ ಘಮ್ಮೆನ್ನುವ ವಾಸನೆಯೇ ವಿಷದ ಗುರುತು: ಆವಿಯಾಗುವ ಎಣ್ಣೆಗಳು ಮತ್ತು ಫೀನಾಲ್‌ಗಳು ಉಸಿರಾಟದ ದಾರಿಯನ್ನು ಸುಡುತ್ತವೆ, ಪಿತ್ತಜನಕಾಂಗಕ್ಕೂ ಹಾನಿ. ಮುಚ್ಚಿದ ಗೂಡಿನಲ್ಲಿ, ಬಿಸಿ ದೀಪದ ಕೆಳಗೆ, ಹಾವು ಆ ಗಾಳಿಯನ್ನು ದಿನದ 24 ಗಂಟೆಯೂ ಉಸಿರಾಡುತ್ತದೆ. ಹಸಿ ಪೈನ್ ಮರದ ಹೆರೆಗೂ (ಹೆರೆದು ತೆಗೆದ ತೆಳು ಚೂರು) ಇದೇ ಮಾತು. ಬಿಸಿಗೂಡಿನಲ್ಲಿ (ಕಿಲ್ನ್) ಒಣಗಿಸಿದ ಪೈನ್‌ನಲ್ಲಿ ಈ ಎಣ್ಣೆಗಳು ಬಹುಮಟ್ಟಿಗೆ ಹಾರಿಹೋಗಿರುತ್ತವೆ, ಅದನ್ನು ಬಳಸುವವರೂ ಇದ್ದಾರೆ. ಆದರೆ ಚೀಲದ ಮೇಲೆ ಅದು ಸ್ಪಷ್ಟವಾಗಿ ಬರೆದಿರದಿದ್ದರೆ, ಅಥವಾ ಚೀಲ ತೆರೆದಾಗ ಮರದ ಅಂಟಿನ ವಾಸನೆ ಹೊಡೆದರೆ, ವಾಪಸ್ ಕಟ್ಟಿಡಿ. ಬಡಗಿಯ ಕೆಲಸದ ಜಾಗದಿಂದ ಬಿಟ್ಟಿ ಸಿಗುವ ಹೊಟ್ಟಿನ ಆಸೆ ಬೇಡ. ಅದರಲ್ಲಿ ಯಾವ ಮರ, ಯಾವ ಪಾಲಿಶ್, ಯಾವ ಗೋಂದು ಬೆರೆತಿದೆಯೋ ಬಲ್ಲವರಿಲ್ಲ.

ಕ್ಯಾಲ್ಸಿಯಂ ಮರಳು ‘ಹೊಟ್ಟೆಗೆ ಹೋದರೂ ಕರಗುತ್ತದೆ’ ಎಂಬ ಮಾತಿನೊಂದಿಗೆ ಮಾರಾಟವಾಗುತ್ತದೆ. ಒದ್ದೆಯಾದಾಗ ಗಟ್ಟಿ ಉಂಡೆಯಾಗುವುದು ಅದರ ಗುಣ. ಕರುಳಿನಲ್ಲೂ ಹಾಗೇ ಆಗಬಹುದು. ಅಕ್ರೋಟಿನ ಸಿಪ್ಪೆಯ ಚೂರಿಗೆ ಚೂಪು ಅಂಚು. ಮೆಕ್ಕೆಜೋಳದ ದಿಂಡಿನ ಚೂರು ನುಂಗಿದರೆ ಉಬ್ಬುತ್ತದೆ, ಒದ್ದೆಯಾದರೆ ಬೂಷ್ಟು. ಬೆಕ್ಕಿನ ಮಲದ ತಟ್ಟೆಗೆ ಹಾಕುವ ಮಣ್ಣು, ಬಣ್ಣದ ಜಲ್ಲಿ, ಸುವಾಸನೆ ಹಾಕಿದ ಏನೇ ಆದರೂ ಬೇಡ. ಗಿಡ ನೆಡುವ ಸಿದ್ಧ ಮಣ್ಣಿನಲ್ಲಿ ಗೊಬ್ಬರವೂ ಪರ್ಲೈಟ್‌ನ ಬಿಳಿ ಕಾಳೂ ಇರುತ್ತವೆ, ಅದೂ ಬೇಡ. ಕೃತಕ ಹುಲ್ಲಿನಂಥ ಕಾರ್ಪೆಟ್ ವಿಷವಲ್ಲ, ಆದರೆ ಅದರ ನೂಲಿನೊಳಗೆ ಸೇರಿದ ಕೊಳೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಬಿಡಿಸಿಕೊಂಡ ಎಳೆಗೆ ಹಲ್ಲು ಸಿಕ್ಕಿಕೊಳ್ಳುತ್ತದೆ. ನನಗಂತೂ ಅದು ಕಾಗದಕ್ಕಿಂತ ಯಾವ ವಿಧದಲ್ಲೂ ಮೇಲು ಅನ್ನಿಸಿಲ್ಲ.

ಹಂತ 6: ಉಳಿದವುಗಳಲ್ಲಿ ಆರಿಸಿ

ಕಾಗದ. ರೋಗಿ ಹಾವು, ಹೊಸ ಹಾವು, ಆಗಷ್ಟೇ ಮೊಟ್ಟೆಯೊಡೆದ ಮರಿ, ಶಸ್ತ್ರಚಿಕಿತ್ಸೆಯಾದ ಹಾವು, ಇವಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಹೊಳಪಿನ ಹಾಳೆ ನೀರು ಹೀರುವುದಿಲ್ಲ, ಅದನ್ನು ಬಿಟ್ಟು ಟಿಶ್ಯೂ ಅಥವಾ ಸಾದಾ ಪತ್ರಿಕೆ ಕಾಗದ ಬಳಸಿ. ಆದರೆ ಕಾಗದದಲ್ಲಿ ಬಿಲ ತೋಡಲಾಗದು, ತೇವವೂ ನಿಲ್ಲದು. ಆರೋಗ್ಯವಾಗಿರುವ ಹಾವನ್ನು ಬದುಕಿಡೀ ಅದರ ಮೇಲೆ ಇಡುವುದು ನಮ್ಮ ಅನುಕೂಲಕ್ಕೇ ಹೊರತು ಅದರ ಅನುಕೂಲಕ್ಕಲ್ಲ.

ಆಸ್ಪೆನ್ ಹೆರೆ. ಆಸ್ಪೆನ್ ಎಂಬ ಮರಕ್ಕೆ ಕೀಸುಳಿ ಹೊಡೆದಾಗ ಬೀಳುವ ಸುರುಳಿಯಂಥ ತೆಳು ಚೂರುಗಳು. ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಹಾವು ತೋಡಿದ ಸುರಂಗ ಕುಸಿಯದೆ ನಿಲ್ಲುತ್ತದೆ. ಕಾರ್ನ್ ಸ್ನೇಕ್ ಅದರೊಳಗೆ ಹಾದಿ ಮಾಡಿಕೊಂಡು ತಲೆ ಮಾತ್ರ ಹೊರಗಿಟ್ಟು ಕೂರುವುದು ನೋಡಲೂ ಸೊಗಸು. ಒಣ ಮತ್ತು ನಡುವಿನ ಗುಂಪಿಗೆ ಇದೇ ನನ್ನ ಮೊದಲ ಆಯ್ಕೆ. ತೇವಾಂಶ ಶೇ 60 ದಾಟುವ ಗೂಡಿಗೆ ಇದು ಬೇಡವೇ ಬೇಡ, ಯಾಕೆಂದರೆ ಒದ್ದೆಯಾದ ಆಸ್ಪೆನ್‌ಗೆ ಬಹುಬೇಗ ಬೂಷ್ಟು ಹಿಡಿಯುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಮೊದಲ ಬಾಲ್ ಪೈಥಾನ್‌ನಿಂದ. ಪೊರೆ ಸರಿಯಾಗಿ ಬಿಡುತ್ತಿಲ್ಲವೆಂದು ದಿನಕ್ಕೆರಡು ಬಾರಿ ಆಸ್ಪೆನ್ ಮೇಲೆ ನೀರು ಚಿಮುಕಿಸುತ್ತಿದ್ದೆ. ಮೇಲೆ ನೋಡಿದರೆ ಎಲ್ಲ ಚೊಕ್ಕ, ಒಣಗಿದ ಬಂಗಾರದ ಬಣ್ಣ. ಒಂದು ದಿನ ನೀರಿನ ಬಟ್ಟಲು ಎತ್ತಿದಾಗ ಅದರಡಿಯ ಹಾಸು ಹಲಗೆಯಂತೆ ಒಂದೇ ತುಂಡಾಗಿ ಮೇಲೆದ್ದು ಬಂತು. ತಿರುಗಿಸಿದರೆ ಅಡಿಯಲ್ಲಿ ಬೂದು ಬಣ್ಣದ ನವಿರು ಕೂದಲು, ಅಲ್ಲಲ್ಲಿ ಕಪ್ಪು ಚುಕ್ಕೆ, ಹಳೆಯ ನೆಲಮಾಳಿಗೆಯ ವಾಸನೆ. ಹಾವು ವಾರಗಟ್ಟಲೆ ಅದರ ಪಕ್ಕದಲ್ಲೇ ಮಲಗಿತ್ತು. ಮೇಲೆ ಚಿಮುಕಿಸಿದ ನೀರು ಪೊರೆಗೂ ಸಾಲಲಿಲ್ಲ, ಕೆಳಗಿನ ಕೊಳೆತಕ್ಕೆ ಮಾತ್ರ ಸಾಕಾಯಿತು.

ತೆಂಗಿನ ಸಿಪ್ಪೆಯ ಚೂರು ಮತ್ತು ಕೊಕೊಪೀಟ್. ಎರಡೂ ತೆಂಗಿನಕಾಯಿಯ ಹೊರಸಿಪ್ಪೆಯವೇ, ಸ್ವಭಾವ ಬೇರೆ. ಬೆರಳ ಗಾತ್ರದ ಚೂರುಗಳು ನೀರನ್ನು ಒಳಗೆ ಹೀರಿಕೊಂಡು ಮೇಲ್ಮೈಯನ್ನು ಬೇಗ ಒಣಗಿಸಿಕೊಳ್ಳುತ್ತವೆ, ಧೂಳು ಕಡಿಮೆ. ಪುಡಿಯಾದ ಕೊಕೊಪೀಟ್ ಹೆಚ್ಚು ನೀರು ಹಿಡಿಯುತ್ತದೆ, ಆದರೆ ಪೂರ್ತಿ ಒಣಗಿದರೆ ನಶ್ಯದಂತೆ ಏಳುತ್ತದೆ. ಹಾವಿನ ಮೂಗಿಗೂ, ಹೆಬ್ಬಾವಿನ ತುಟಿಯಂಚಿನ ಶಾಖ ಗ್ರಹಿಸುವ ಗುಳಿಗಳಿಗೂ ತುಂಬಿಕೊಳ್ಳುತ್ತದೆ. ಬಾಲ್ ಪೈಥಾನ್‌ಗೆ ನಾನು ಬಳಸುವುದು ಎರಡು ಪಾಲು ಚೂರು, ಒಂದು ಪಾಲು ಪೀಟ್. ತೋಟಗಾರಿಕೆಗೆಂದು ಮಾರುವ, ಪೀಟ್ ಒತ್ತಿ ಮಾಡಿದ ಇಟ್ಟಿಗೆಯಲ್ಲಿ ಉಪ್ಪಿನಂಶ ಉಳಿದಿರಬಹುದು, ಗೊಬ್ಬರ ಬೆರೆಸಿರಲೂಬಹುದು; ತೊಳೆದ, ಏನೂ ಬೆರೆಸದ ಸರಕನ್ನೇ ತೆಗೆದುಕೊಳ್ಳಿ.

ಸೈಪ್ರೆಸ್ ಮಲ್ಚ್, ಅಂದರೆ ಸೈಪ್ರೆಸ್ ಮರದ ಒರಟು ಚೂರು. ತೇವದ ಗುಂಪಿಗೆ ಬಹಳ ಒಳ್ಳೆಯದು, ಬೇಗ ಕೊಳೆಯುವುದಿಲ್ಲ. ಚೀಲದಲ್ಲಿ ಸೈಪ್ರೆಸ್ ಒಂದೇ ಇದೆಯೇ, ಬೇರೆ ಮರದ ಮಿಶ್ರಣವೇ ನೋಡಿಕೊಳ್ಳಿ. ಚೂಪಾದ ಉದ್ದ ಸಿಬಿರುಗಳನ್ನು ಕೈಯಿಂದ ಆರಿಸಿ ತೆಗೆಯಬೇಕಾಗುತ್ತದೆ.

ಮಣ್ಣು–ಮರಳು ಮಿಶ್ರಣ. ಗೊಬ್ಬರವಿಲ್ಲದ ಮಣ್ಣು ಸುಮಾರು ಶೇ 60–70, ತೊಳೆದ ಮರಳು ಉಳಿದದ್ದು. ಹಾಗ್‌ನೋಸ್, ಸ್ಯಾಂಡ್ ಬೋವಾಗಳಿಗೆ ತೋಡಲು ಹೇಳಿ ಮಾಡಿಸಿದ್ದು. ಸ್ಯಾಂಡ್ ಬೋವಾ ಎಂಬ ಹೆಸರು ಕೇಳಿ ಬರೀ ಮರಳು ತುಂಬಿಸುವವರಿದ್ದಾರೆ. ಅದು ಬದುಕುವುದು ಅರೆಒಣ ಪ್ರದೇಶದ ಸಡಿಲ ಮಣ್ಣಿನಲ್ಲಿ. ಬರೀ ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ಹುರುಪೆಗಳ ಸಂದಿಗೆ ಕಾಳು ಸೇರುತ್ತದೆ.

ಗಿಡ, ತರಗೆಲೆ, ಪುಟ್ಟ ಜೀವಿಗಳಿರುವ ಜೀವಂತ ಹಾಸಿನ ಬಗ್ಗೆ ಕೇಳುವವರಿಗೆ ಒಂದೇ ಮಾತು: ಮೊದಲ ವರ್ಷ ಬೇಡ. ಸ್ಪ್ರಿಂಗ್‌ಟೇಲ್, ಐಸೊಪಾಡ್ ಎಂಬ ಆ ಪುಟ್ಟ ಜೀವಿಗಳು ಬೂಷ್ಟನ್ನೂ ಮಲವನ್ನೂ ತಿಂದು ತೀರಿಸುತ್ತವೆ ನಿಜ, ಆದರೆ ದೊಡ್ಡ ಹೆಬ್ಬಾವಿನ ಮಲದ ರಾಶಿಯನ್ನು ಅವು ತೀರಿಸಲಾರವು. ಅಲ್ಲೂ ಕೈ ಹಾಕಿ ತೆಗೆಯಬೇಕು.

ಹಂತ 7: ಎಷ್ಟು ಬೇಕೆಂದು ಲೆಕ್ಕ ಹಾಕಿ

ಗೂಡಿನ ಉದ್ದ, ಅಗಲ, ಬೇಕಾದ ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. 120 × 60ರ ಗೂಡಿಗೆ 8 ಸೆಂ.ಮೀ. ದಪ್ಪವೆಂದರೆ 57.6 ಲೀಟರ್, ಹಾಸು ಅಮುಕಿ ಕೂರುವುದರಿಂದ ಹತ್ತನೇ ಒಂದು ಪಾಲು ಸೇರಿಸಿ 64 ಎಂದಿಟ್ಟುಕೊಳ್ಳಿ. 650 ಗ್ರಾಂನ ಒಂದು ಕೊಕೊಪೀಟ್ ಇಟ್ಟಿಗೆ ನೆನೆದು ಅರಳಿದರೆ ಸುಮಾರು 8–9 ಲೀಟರ್ ಆಗುತ್ತದೆ, ಅಂದರೆ ಏಳೆಂಟು ಇಟ್ಟಿಗೆ.

ಮೇಲಿನ ಬಿಸಿ ಇದ್ದಾಗ ಬಾಲ್ ಪೈಥಾನ್, ಬೋವಾಗಳಿಗೆ 6–8 ಸೆಂ.ಮೀ., ಕಾರ್ನ್ ಸ್ನೇಕ್‌ಗೂ ಅಷ್ಟೇ, ಹಾಗ್‌ನೋಸ್ ಮತ್ತು ಸ್ಯಾಂಡ್ ಬೋವಾಗೆ 10–15. ಕಡಿಮೆ ದಪ್ಪದ ಹಾಸು ತೇವವನ್ನು ಹಿಡಿದಿಡಲಾರದು ಎಂಬುದು ನೆನಪಿರಲಿ. ಎರಡು ಸೆಂಟಿಮೀಟರ್ ಕೊಕೊಪೀಟ್ ಹಾಸಿ ‘ಎಷ್ಟು ನೀರು ಹಾಕಿದರೂ ಒಣಗುತ್ತದೆ’ ಎನ್ನುವವರ ಕಷ್ಟ ಇದೇ.

ಹಂತ 8: ಹದ ಮಾಡಿ

ಆಸ್ಪೆನ್ ಆದರೆ ದೊಡ್ಡ ತೂತಿನ ಜರಡಿಯಲ್ಲಿ ಒಮ್ಮೆ ಆಡಿಸಿ ಧೂಳು ಬೀಳಿಸಿ, ಅಷ್ಟೇ ಕೆಲಸ. ಕೊಕೊಪೀಟ್‌ಗೆ ಹದ ಬೇಕು. ಇಟ್ಟಿಗೆಯನ್ನು ಬಕೆಟ್ಟಿನಲ್ಲಿಟ್ಟು ಬಿಸಿನೀರು ಹಾಕಿ. ಪೊಟ್ಟಣದ ಮೇಲೆ ಬರೆದಷ್ಟನ್ನೂ ಒಟ್ಟಿಗೆ ಸುರಿಯಬೇಡಿ, ಮೊದಲು ಅರ್ಧ ಹಾಕಿ, ಅರಳಿದ್ದನ್ನು ಕೈಯಿಂದ ಪುಡಿ ಮಾಡುತ್ತ ಬೇಕಾದಷ್ಟೇ ಸೇರಿಸಿ.

ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿದರೆ ಹಸಿ ಹೆಚ್ಚು, ಹಾಳೆಯ ಮೇಲೆ ಹರಡಿ ಒಂದು ದಿನ ಆರಿಸಿ. ಮುಷ್ಟಿ ಬಿಚ್ಚಿದೊಡನೆ ಪುಡಿಯಾಗಿ ಉದುರಿದರೆ ಒಣ. ಅಚ್ಚು ನಿಂತು, ಒಂದೆರಡು ಹನಿ ಮಾತ್ರ ಕಂಡು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅದೇ ಹದ.

ಹೊರಗಿನಿಂದ ಆಯ್ದು ತಂದ ಕೊಂಬೆ, ತೊಗಟೆ, ತರಗೆಲೆಗಳನ್ನು ಹಾಗೇ ಇಡಬೇಡಿ. ಪಾತ್ರೆಯಲ್ಲಿ ಹಿಡಿಸುವಂಥವನ್ನು ಕುದಿನೀರಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ ಇಡಿ.

ಹಂತ 9: ಮೇಲೆ ಒಣಗಿರಲಿ, ತೇವ ಅಡಿಯಲ್ಲಿರಲಿ

ಹುರುಪೆ ಕೊಳೆಯುವುದು ಗಾಳಿಯ ತೇವದಿಂದಲ್ಲ, ಹೊಟ್ಟೆ ತಾಗುವ ಒದ್ದೆ ಮೇಲ್ಮೈಯಿಂದ. ಇದೊಂದು ಅರ್ಥವಾದರೆ ಚಿಮುಕಿಸುವ ಬಾಟಲಿಯನ್ನು ನೀವೇ ಕೆಳಗಿಡುತ್ತೀರಿ. ನೀರು ಚಿಮುಕಿಸಿದಾಗ ಮಾಪಕ ಒಂದು ಗಂಟೆ 85ಕ್ಕೆ ಜಿಗಿದು ಮತ್ತೆ 45ಕ್ಕೆ ಬೀಳುತ್ತದೆ, ಹಾಸಿನ ಮೇಲ್ಪದರ ಮಾತ್ರ ಸದಾ ಒದ್ದೆ.

ಅದರ ಬದಲು ಹಾಸನ್ನು ಹರಡಿ, ಮೆಲ್ಲಗೆ ತಟ್ಟಿ ಸಮ ಮಾಡಿ. ಜಗ್ಗಿನ ಮೂತಿಯನ್ನು ಗೂಡಿನ ಮೂಲೆಗೆ ತಾಗಿಸಿ, ಗಾಜಿನ ಗೋಡೆಗುಂಟ ಇಳಿಯುವಂತೆ ನೀರು ಬಿಡಿ. ನಾಲ್ಕು ಮೂಲೆಗೂ ಸೇರಿ 120 × 60ರ ಗೂಡಿಗೆ ಮೊದಲ ಸಲ ಅರ್ಧ ಲೀಟರ್ ಸಾಕು. ನೀರು ತಳಕ್ಕೆ ಹೋಗಿ ಹಾಸಿನ ಅಡಿಯಲ್ಲಿ ಹರಡುತ್ತದೆ, ಅಲ್ಲಿಂದ ನಿಧಾನವಾಗಿ ಆವಿಯಾಗಿ ಮೇಲೇರುತ್ತದೆ. ಒಂದು ದಿನ ಕಾಯಿರಿ. ಮಾಪಕ ಇನ್ನೂ ಕೆಳಗಿದ್ದರೆ ಇನ್ನು ಕಾಲು ಲೀಟರ್. ಗಾಜಿನ ಹೊರಗಿನಿಂದ ನೋಡಿದರೆ ಕೆಳಗಿನ ಎರಡು ಬೆರಳಗಲ ಗಾಢ ಕಂದು, ಮೇಲೆ ತಿಳಿ ಕಂದು, ಹೀಗೆ ಗೆರೆ ಎಳೆದಂತೆ ಕಾಣಬೇಕು. ತಳದಲ್ಲಿ ನೀರು ನಿಂತು ಹೊಳೆದರೆ ಹೆಚ್ಚಾಯಿತು. ಈ ವಿಧಾನ ತೆಂಗಿನ ಹಾಸು, ಸೈಪ್ರೆಸ್, ಮಣ್ಣಿಗೆ ಮಾತ್ರ; ಆಸ್ಪೆನ್‌ಗೆ ಹನಿ ನೀರೂ ಬೇಡ. ಮ್ಯಾಟ್ ಇಟ್ಟ ತೆಳು ಹಾಸಿಗೂ ಇದು ಹೊಂದುವುದಿಲ್ಲ.

ಒಣ ಹಾಸಿನ ಹಾವಿಗೆ ಪೊರೆ ಬಿಡುವ ಕಾಲದಲ್ಲಿ ತೇವ ಬೇಕಲ್ಲ? ಅದಕ್ಕೆ ಗೂಡನ್ನೆಲ್ಲ ಒದ್ದೆ ಮಾಡಬೇಕಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಬದಿಗೆ ಹಾವು ನುಸುಳುವಷ್ಟು ತೂತು ಕೊರೆದು, ಅಂಚನ್ನು ಉಜ್ಜಿ ನುಣುಪಾಗಿಸಿ, ಒಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಇಡಿ. ಬೇಕಾದಾಗ ಹಾವೇ ಒಳಹೋಗುತ್ತದೆ. ಪಾಚಿಯನ್ನು ವಾರಕ್ಕೊಮ್ಮೆ ತೊಳೆದು ಹಿಂಡಿ, ವಾಸನೆ ಬಂದರೆ ಬದಲಿಸಿ.

ಹಂತ 10: ಮೊದಲ ವಾರ ನೋಡುತ್ತಿರಿ

ಹಾವಿನ ಕಣ್ಣು ನೀಲಿಗಟ್ಟಿ ಮಬ್ಬಾಗಿದ್ದರೆ ಹಾಸು ಬದಲಿಸುವುದನ್ನು ಪೊರೆ ಬಿಡುವ ತನಕ ಮುಂದೂಡಿ, ಆಗ ಅದಕ್ಕೆ ಕಣ್ಣೂ ಸರಿಯಾಗಿ ಕಾಣದು, ಸಿಡುಕೂ ಹೆಚ್ಚು. ಹೊಸ ಹಾಸಿಗೆ ಹಳೆಯ ಅಡಗುಗೂಡನ್ನು ತೊಳೆಯದೆ ಹಾಗೇ ಇಟ್ಟರೆ ಪರಿಚಿತ ವಾಸನೆ ಉಳಿಯುತ್ತದೆ.

ಹಾವು ದಿನಗಟ್ಟಲೆ ನೀರಿನ ಬಟ್ಟಲಿನಲ್ಲೇ ಸುರುಳಿ ಸುತ್ತಿ ಕೂತರೆ ಸಾಮಾನ್ಯವಾಗಿ ಮೂರರಲ್ಲೊಂದು ಕಾರಣ: ಬಿಸಿ ಹೆಚ್ಚು, ತೇವ ಕಡಿಮೆ, ಅಥವಾ ನುಸಿ. ಕೊಂಬೆಯ ಮೇಲೋ ಅಡಗುಗೂಡಿನ ತಲೆಯ ಮೇಲೋ ಕೂತು ನೆಲಕ್ಕೆ ಇಳಿಯದಿದ್ದರೆ ನೆಲ ಒದ್ದೆಯಾಗಿದೆಯೋ ಬಿಸಿಯಾಗಿದೆಯೋ ಮುಟ್ಟಿ ನೋಡಿ. ತೆಂಗಿನ ಹಾಸಿನಲ್ಲಿ ಮೊದಲೆರಡು ವಾರ ಬಿಳಿ ನೂಲಿನಂಥ ಶಿಲೀಂಧ್ರ ಅಲ್ಲೊಂದಿಲ್ಲೊಂದು ಕಡೆ ಕಂಡರೆ ಆ ಭಾಗ ತೆಗೆದು, ಹಾಸು ಕೆದಕಿ, ಗಾಳಿ ಹೆಚ್ಚಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಆಸ್ಪೆನ್‌ನಲ್ಲಿ ಕಂಡರೆ ಪೂರ್ತಿ ಎಸೆಯಿರಿ.

ಹಂತ 11: ಊಟದ ದಿನದ ಜಾಗ್ರತೆ

ಹಾಸು ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಒದ್ದೆ ಇಲಿಗೆ ಅಂಟಿಕೊಂಡು. ಕರಗಿಸಿದ ಇಲಿಯನ್ನು ಟಿಶ್ಯೂನಲ್ಲಿ ಒತ್ತಿ ಒಣಗಿಸಿ, ಇಕ್ಕಳದಲ್ಲಿ ಹಿಡಿದು, ಚಪ್ಪಟೆ ಕಲ್ಲು ಅಥವಾ ತಟ್ಟೆಯ ಮೇಲೆ ಕೊಡಿ. ಕಿಂಗ್ ಸ್ನೇಕ್‌ನಂಥ ಆತುರಗೆಟ್ಟ ಹಾವು ಇಲಿಯನ್ನು ಎಳೆದುಕೊಂಡು ಹಾಸಿನಲ್ಲೇ ಹೊರಳುತ್ತದೆ. ಅಂದು ತಟ್ಟೆಯ ಸುತ್ತ ಒಂದು ಹಾಳೆ ಕಾಗದ ಹರಡಿ. ಒಂದೆರಡು ಚೂರು ನುಂಗಿದರೆ ಆರೋಗ್ಯವಾದ ದೊಡ್ಡ ಹಾವಿಗೆ ಏನೂ ಆಗದು. ಬಾಯಂಚಿನಲ್ಲಿ ಚೂರು ಸಿಕ್ಕಿಕೊಂಡಿದ್ದರೆ ಬೆರಳು ಹಾಕಬೇಡಿ, ನೀರು ಕುಡಿಯುವಾಗ ಬಹುತೇಕ ತಾನಾಗಿ ಹೋಗುತ್ತದೆ. ಮಾರನೆಯ ದಿನವೂ ಅಲ್ಲೇ ಇದ್ದರೆ ವೈದ್ಯರಿಗೆ ತೋರಿಸಿ.

ಹಂತ 12: ಸ್ವಚ್ಛತೆ

ಮಲ ಕಂಡ ದಿನವೇ ತೆಗೆಯಿರಿ, ಅದರ ಜೊತೆಗಿನ ಸುಣ್ಣದ ಉಂಡೆಯಂಥ ಬಿಳಿ ಭಾಗವನ್ನೂ, ಸುತ್ತಲಿನ ಒಂದು ಹಿಡಿ ಹಾಸನ್ನೂ ಸೇರಿಸಿ. ವಾರಕ್ಕೊಮ್ಮೆ ನೀರಿನ ಬಟ್ಟಲು ಎತ್ತಿ ಅಡಿ ನೋಡಿ (ನನ್ನ ಕಥೆ ನೆನಪಿರಲಿ). ಆಸ್ಪೆನ್‌ ಹಾಸನ್ನು ತಿಂಗಳಿಗೊಮ್ಮೆ, ತೆಂಗಿನ ಹಾಸನ್ನು ಎರಡು–ಮೂರು ತಿಂಗಳಿಗೊಮ್ಮೆ ಪೂರ್ತಿ ಬದಲಿಸುವುದು ಒಂದು ಅಂದಾಜು. ನಿಜವಾದ ಅಳತೆ ಮೂಗು: ಗೂಡು ತೆರೆದಾಗ ಕಾಡಿನ ಮಣ್ಣಿನ ವಾಸನೆ ಬಂದರೆ ಸರಿ, ಕಣ್ಣು ಚುರುಗುಟ್ಟಿಸುವ ಅಮೋನಿಯಾ ವಾಸನೆ ಬಂದರೆ ದಿನ ಎಣಿಸುತ್ತ ಕೂರಬೇಡಿ.

ಗೂಡನ್ನು ಮೊದಲು ಸೋಪಿನಲ್ಲಿ ತೊಳೆದು ಕೊಳೆ ತೆಗೆದ ಮೇಲೆಯೇ ಕ್ಲೋರ್‌ಹೆಕ್ಸಿಡಿನ್‌ನಂಥ ಸೋಂಕುನಿವಾರಕ ಹಚ್ಚಿ, ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. ಫೀನಾಲ್ ಇರುವ ನೆಲ ಒರೆಸುವ ದ್ರಾವಣ ಬೇಡ. ಹಾವುಗಳು ಸಾಲ್ಮೊನೆಲ್ಲಾ ಹೊತ್ತಿರಬಹುದು, ಆದ್ದರಿಂದ ಅಡುಗೆಮನೆಯ ತೊಟ್ಟಿಯಲ್ಲಿ ಇವನ್ನೆಲ್ಲ ತೊಳೆಯಬೇಡಿ, ಕೆಲಸ ಮುಗಿದ ಮೇಲೆ ಕೈಗೆ ಸೋಪು.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಗುರುತುಗಳು

ಹೊಟ್ಟೆಯ ಹುರುಪೆಗಳ ಅಂಚು ಕಂದು ಅಥವಾ ಕೆಂಪಾಗುವುದು, ಗುಳ್ಳೆ ಏಳುವುದು, ಹುರುಪೆ ಮೆತ್ತಗಾಗುವುದು. ಪೊರೆ ಬಿಡುವ ಮುನ್ನ ಹೊಟ್ಟೆ ಒಟ್ಟಾರೆ ಗುಲಾಬಿಯಾಗುವುದು ಸಹಜ. ಪೊರೆ ಬಿಟ್ಟ ಮೇಲೂ ಉಳಿದ ಕಲೆ ಸಹಜವಲ್ಲ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸಿಳ್ಳೆ ಅಥವಾ ಗುಳುಗುಳು ಸದ್ದು, ಮೂಗಿನಲ್ಲಿ ನೊರೆ. ಸತತ ಎರಡು ಸಲ ಕಣ್ಣಿನ ಮೇಲಿನ ಪೊರೆ ಕಳಚದೆ ಉಳಿಯುವುದು. ಅದನ್ನು ಚಿಮುಟದಿಂದ ಕೀಳಲು ಹೋಗಬೇಡಿ, ಕಣ್ಣೇ ಹೋದೀತು. ಬಾಲದ ಕಡೆ ಗಟ್ಟಿ ಉಬ್ಬು ಕಾಣಿಸಿ ವಾರಗಟ್ಟಲೆ ಮಲವಿಲ್ಲದಿರುವುದು, ಗುದದ್ವಾರದಲ್ಲಿ ಹಾಸಿನ ಚೂರು ಸಿಕ್ಕಿಕೊಂಡು ಊದಿಕೊಳ್ಳುವುದು.

ಇವುಗಳಲ್ಲಿ ಯಾವುದು ಕಂಡರೂ ಹಾವನ್ನು ಆ ಹೊತ್ತಿಗೇ ಕಾಗದದ ಮೇಲಕ್ಕೆ ಬದಲಿಸಿ. ಪಶುವೈದ್ಯರಲ್ಲಿಗೆ ಹೋಗುವಾಗ ಗೂಡಿನ ತಳದ ಒಂದು ಹಿಡಿ ಹಾಸನ್ನು ಚೀಲದಲ್ಲಿ ಕಟ್ಟಿ, ಎರಡೂ ಮಾಪಕಗಳ ಮತ್ತು ನೆಲಕ್ಕೆ ಹಿಡಿದ ಇನ್‌ಫ್ರಾರೆಡ್ ಗನ್ನಿನ ಫೋಟೊ ತೆಗೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ.